ಚಿಕ್ಕೋಡಿ–ನಿಪ್ಪಾಣಿ ಸೀಮೆಯ ಗಡಿ ವಿವಾದ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಸೀಮೆಯನ್ನು 1956ರಿಂದ ಕಾಡುತ್ತಿರುವುದು ಕರ್ನಾಟಕ–ಮಹಾರಾಷ್ಟ್ರ ಗಡಿಯ ತಂಟೆ. ಮಹಾರಾಷ್ಟ್ರ ಈ ಐದನ್ನೂ ಪೂರ್ತಿಯಾಗಿ ಕೇಳಿದ್ದಿಲ್ಲ. ಅದರ ಕಣ್ಣು ನಿಪ್ಪಾಣಿ ಪಟ್ಟಣದ ಮೇಲೆ, ಚಿಕ್ಕೋಡಿ–ಅಥಣಿ ಕಡೆಯ ಕೆಲವು ಹಳ್ಳಿಗಳ ಮೇಲೆ. ತಂಟೆಯ ಬಿಸಿ ಮಾತ್ರ ಇಡೀ ಸೀಮೆಗೆ ತಟ್ಟಿದೆ.

ಇಲ್ಲಿನ ನೆಲ ಒಬ್ಬರ ಕೈಯಲ್ಲಿ ಇದ್ದದ್ದಲ್ಲ. ನಿಪ್ಪಾಣಿ ದೇಸಾಯರ ಜಹಗೀರಾಗಿತ್ತು, 1839ರಲ್ಲಿ ಬ್ರಿಟಿಷರ ಪಾಲಾಯಿತು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. 1949ರಲ್ಲಿ ಸಂಸ್ಥಾನವೇ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ರಾಯಬಾಗ ಬೆಳಗಾವಿ ಜಿಲ್ಲೆಗೆ ಬಂತು. ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದವು. ಮನೆಯಲ್ಲಿ ಕನ್ನಡ ಆಡಿ, ಲೆಕ್ಕಪತ್ರವನ್ನು ಮರಾಠಿಯಲ್ಲಿ ಬರೆಯುವ ಕುಟುಂಬಗಳು ಆಗ ಬೇಕಾದಷ್ಟಿದ್ದವು. ಜನಗಣತಿಯ ಒಂದು ಕಾಲಮ್ಮಿಗೆ ಇಂಥವರು ಸಲೀಸಾಗಿ ದಕ್ಕುವವರಲ್ಲ.

ರಾಜ್ಯಗಳ ಪುನರ್ವಿಂಗಡಣೆಗೆ ನೇಮಕವಾದ ಫಜಲ್ ಅಲಿ ಆಯೋಗ 1955ರಲ್ಲಿ ಜಿಲ್ಲೆಯನ್ನೇ ಘಟಕವೆಂದು ಹಿಡಿದು, ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆಯನ್ನು ಕನ್ನಡ ರಾಜ್ಯಕ್ಕೆ ಕೊಡಬೇಕೆಂದಿತು. ಆ ರಾಜ್ಯ ಹುಟ್ಟಿದ 1956ರ ನವೆಂಬರ್ 1 ಕನ್ನಡಿಗರಿಗೆ ಏಕೀಕರಣದ ಹಬ್ಬ. ಗಡಿಯ ಮರಾಠಿ ಊರುಗಳು ಮಹಾರಾಷ್ಟ್ರಕ್ಕೆ ಸೇರಲಿ ಎನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯವರಿಗೆ ಅದೇ ದಿನ 'ಕಾಳಾ ದಿವಸ', ಕರಾಳ ದಿನ. ಹಳ್ಳಿಯನ್ನೇ ಘಟಕವಾಗಿ ಹಿಡಿಯಿರಿ, ಅಲ್ಲಿ ಯಾವ ಭಾಷೆಯವರು ಹೆಚ್ಚೋ ಆ ರಾಜ್ಯಕ್ಕೆ ಸೇರಿಸಿ ಎಂಬುದು ಅವರ ವಾದ. ಫ್ರೆಂಚರ ಚಂದ್ರನಗರದಲ್ಲಿ 1949ರಲ್ಲಿ ಜನರ ಮತ ಕೇಳಿದ ಹಾಗೆ ಇಲ್ಲಿ ಯಾರೂ ಕೇಳಲಿಲ್ಲ.

ಈ ತಂಟೆ ಬಗೆಹರಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಬೆಳಗಾವಿ ನಗರ ಕರ್ನಾಟಕದಲ್ಲೇ ಉಳಿಯಲಿ, ನಿಪ್ಪಾಣಿ, ಖಾನಾಪುರ ಸೇರಿ 264 ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಸೇರಿ 247 ಊರುಗಳು ಕರ್ನಾಟಕಕ್ಕೆ ಬರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. 'ಮಹಾಜನ ವರದಿಯೇ ಅಂತಿಮ' ಎಂದು ಕರ್ನಾಟಕ ಪಟ್ಟು ಹಿಡಿಯಿತು. ಆ ಘೋಷಣೆಯಲ್ಲಿ ಒಂದು ಇಕ್ಕಟ್ಟಿದೆ: ವರದಿ ಹಾಗೇ ಜಾರಿಯಾದರೆ ನಿಪ್ಪಾಣಿ ಕೈತಪ್ಪುತ್ತದೆ. ವೇದಿಕೆಯ ಮೇಲೆ ಇದನ್ನು ನೆನಪಿಸುವವರು ಕಡಿಮೆ. ಬದುಕುಗಳು ಮಾತ್ರ ಗಡಿಯ ಎರಡೂ ಕಡೆ ಹಬ್ಬಿದ್ದವು: ಅದೇ 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು ವಿದ್ವಾಂಸ ಆ. ನೇ. ಉಪಾಧ್ಯೆ, ಹುಟ್ಟಿದ್ದು ಚಿಕ್ಕೋಡಿ ಬಳಿಯ ಸದಲಗಾದಲ್ಲಿ, ಪಾಠ ಹೇಳಿದ್ದು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ.

2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ವಿಧಾನಮಂಡಲಗಳು ಒಂದರ ಹಿಂದೆ ಒಂದು ತಂತಮ್ಮ ನಿಲುವಿನ ಪರ ನಿರ್ಣಯ ಮಾಡಿದವು. ಇಂಥ ಹೊತ್ತಿನಲ್ಲಿ ನಿಪ್ಪಾಣಿಯಾಚೆ ಹೆದ್ದಾರಿಯ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಪೊಲೀಸರ ಸಾಲು ನಿಲ್ಲುತ್ತದೆ. ಬಸ್ಸುಗಳು ಗಡಿ ದಾಟುವುದಿಲ್ಲ. ಮೀರಜಿನ ದವಾಖಾನೆಗೆ ಹೊರಟ ಕಾಗವಾಡದವರು, ಕೊಲ್ಹಾಪುರದ ಪೇಟೆಗೆ ಹೊರಟ ನಿಪ್ಪಾಣಿಯವರು ಚೀಲ ಹಿಡಿದು ಸ್ಟ್ಯಾಂಡಿನಲ್ಲೇ ಕೂರಬೇಕು.

ಊರವರ ಒಲವು ಭಾಷೆಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಕಬ್ಬು ಬೆಳೆಯುವವರು ಗಡಿಯಾಚೆಯ ಕಾರ್ಖಾನೆ ಏನು ದರ ಕೊಟ್ಟಿತೆಂದು ನೋಡುತ್ತಾರೆ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ ಅಥಣಿ, ರಾಯಬಾಗದವರಿಗೆ ಮಹಾರಾಷ್ಟ್ರದ ಕೊಯ್ನಾ ಜಲಾಶಯದ ನೀರು ಬೇಕು. ಅದಕ್ಕೆ ಬದಲಾಗಿ ಗಡಿಯಾಚೆಯ ಜತ್ತ ತಾಲ್ಲೂಕಿಗೆ ಕರ್ನಾಟಕದ ತುಬಚಿ–ಬಬಲೇಶ್ವರ ಯೋಜನೆಯಿಂದ ನೀರು ಕೊಡುವ ಮಾತು ಪದೇ ಪದೇ ಬಂದಿದೆ. ನೀರು ಸಿಗದ ಸಿಟ್ಟಿಗೆ ಜತ್ತದ ಹಳ್ಳಿಗಳೇ ಕರ್ನಾಟಕಕ್ಕೆ ಸೇರುತ್ತೇವೆಂದು ಕೂಗಿದ್ದೂ ಉಂಟು. ಕಸುಬೂ ಗಡಿ ನೋಡುವುದಿಲ್ಲ: ಅಥಣಿ, ನಿಪ್ಪಾಣಿ ಕಡೆ ಹೊಲಿಯುವ ಚಪ್ಪಲಿಗೆ ಹೆಸರು ಕೊಲ್ಹಾಪುರಿ. 2019ರಲ್ಲಿ ಅದರ ಭೌಗೋಳಿಕ ಗುರುತು ಎರಡೂ ರಾಜ್ಯಗಳಿಗೆ ಜಂಟಿಯಾಗಿ ಸಿಕ್ಕಿತು.

ಗಡಿಯ ಲೆಕ್ಕ ಜಿಲ್ಲಾ ವಿಭಜನೆಗೂ ಅಡ್ಡ ಬಂತು. 1997ರಲ್ಲಿ ಜೆ. ಎಚ್. ಪಟೇಲರ ಸರ್ಕಾರ ಚಿಕ್ಕೋಡಿಯನ್ನು ಜಿಲ್ಲೆಯೆಂದು ಸಾರಿ, ಆಮೇಲೆ ಹಿಂದೆಗೆಯಿತು. ಕನ್ನಡ ಹೆಚ್ಚಿರುವ ತಾಲ್ಲೂಕುಗಳು ಬೇರೆಯಾದರೆ ಉಳಿದ ಬೆಳಗಾವಿಯಲ್ಲಿ ಮರಾಠಿಯ ಕೈ ಮೇಲಾದೀತೆಂದು ಅಂಜಿ ವಿರೋಧಿಸಿದವರು ಬೆಳಗಾವಿಯ ಕನ್ನಡ ಹೋರಾಟಗಾರರೇ. 2018ರಲ್ಲಿ ನಿಪ್ಪಾಣಿ, ಕಾಗವಾಡಗಳು ಹೊಸ ತಾಲ್ಲೂಕುಗಳಾದವು. ಜಿಲ್ಲೆ ಕೇಳಿದ್ದ ಚಿಕ್ಕೋಡಿಗೆ ತನ್ನ ನಿಪ್ಪಾಣಿ ಭಾಗವೂ ಕೈತಪ್ಪಿತು.