ದ್ರಾಕ್ಷಿ ಲೋಡು, ಡ್ರೈವರ ಮನೆ

ನಮ್ಮ ಕಂಬಂ ಕಣಿವೆಯ ಚರಿತ್ರೆ ಹೇಳೋರು ಮೊದಲು ನೀರಿನ ಮಾತು ಎತ್ತುತ್ತಾರೆ. 1895ರಲ್ಲಿ ಪೆನ್ನಿಕ್ವಿಕ್ ದೊರೆಯ ಪೆರಿಯಾರ್ ಅಣೆಕಟ್ಟೆ ಮುಗಿದು, ಪಡುವಣಕ್ಕೆ ಹೋಗ್ತಿದ್ದ ನೀರು ಸುರಂಗದಲ್ಲಿ ಮೂಡಣಕ್ಕೆ ತಿರುಗಿತು, ಇಲ್ಲಿ ಎರಡು ಬೆಳೆ ಭತ್ತ ಬಂತು. ನಿಜವೇ. ಆದರೆ ಬೆಳೆದದ್ದನ್ನ ಹೊತ್ತುಕೊಂಡು ಹೋದವರ ಮಾತು ಯಾರೂ ಎತ್ತೋದಿಲ್ಲ. ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದವನು ನಾನು, ಅದಕ್ಕೇ ಬರೆಯೋಕೆ ಕೂತೆ.

ನಮ್ಮ ತಾತನ ಕಾಲದಲ್ಲಿ ಎತ್ತಿನ ಗಾಡಿ. ಅಕ್ಕಿ, ತರಕಾರಿ ಹೇರಿಕೊಂಡು ಕುಮುಳಿ ಮಲೆ ಹತ್ತಬೇಕು. ಮೇಲಿನ ಎಸ್ಟೇಟಿನವರು ಉಣ್ಣುತ್ತಿದ್ದುದು ಈ ಕಣಿವೆಯ ಅಕ್ಕಿಯನ್ನೇ. ಇಳಿಯುವಾಗ ಮೆಣಸು, ಏಲಕ್ಕಿ. ಗಾಡಿಗಳು ಸಾಲಾಗಿ ಹೋಗಿ ಸಾಲಾಗಿ ಬರ್ತಿದ್ದವು. ಎತ್ತು ದಣಿದರೆ ಗಾಡಿ ನಿಂತಿತು. ಎತ್ತಿಗೆ ಮೇವು, ನೀರು, ನಿದ್ದೆ ಬೇಕು ಅನ್ನೋ ನೆವದಲ್ಲಿ ಮನುಷ್ಯನಿಗೂ ನಿದ್ದೆ ಸಿಕ್ತಿತ್ತು. ಲಾರಿಗೆ ಆ ದಣಿವಿಲ್ಲ, ಡೀಸೆಲ್ ಹಾಕಿದ್ರೆ ಆಯ್ತು.

ರೈಲು 1928ರಲ್ಲಿ ಬೋಡಿಗೆ ಬಂತು. ಕಂಬಂ ಕಡೆಗೆ ಇವತ್ತಿಗೂ ಬಂದಿಲ್ಲ. ಆ ಬೋಡಿ ರೈಲೂ ಅಗಲ ಹಳಿ ಹಾಕ್ತೀವಿ ಅಂತ 2010ರ ಕೊನೆಗೆ ನಿಂತದ್ದು, ಮತ್ತೆ ಬೋಡಿ ಮುಟ್ಟಿದ್ದು 2023ರಲ್ಲಿ. ಹಾಗಾಗಿ ನಮ್ಮ ಕಡೆಯ ಸರಕೆಲ್ಲ ರಸ್ತೆ ಮೇಲೆಯೇ.

ಡ್ರೈವರಿಗೆ ಮನೆ ಬೇಕು ಅಂತ ಸರ್ಕಾರಕ್ಕೆ ಗೊತ್ತಿರಲಿಲ್ಲ ಅಂತಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ, ವಾರಕ್ಕೊಂದು ದಿನ ರಜೆ ಅಂತ ಬರೆದಿತ್ತು. ದೂರದ ಓಟಕ್ಕೆ ಹತ್ತು ಗಂಟೆಯವರೆಗೆ ಬಿಡಬಹುದಿತ್ತು. ಆದರೆ ಐದು ಜನಕ್ಕಿಂತ ಕಡಿಮೆ ಇಟ್ಟುಕೊಂಡವನಿಗೆ ಆ ಕಾಯ್ದೆ ಅನ್ವಯಿಸ್ತಿರಲಿಲ್ಲ. ಒಂದು ಲಾರಿ, ಎರಡು ಲಾರಿ ಇಟ್ಟವರೇ ತುಂಬಿರೋ ಈ ದಂಧೆಯಲ್ಲಿ ಕಾಯ್ದೆ ಯಾರನ್ನ ಮುಟ್ಟಿತು, ನೀವೇ ಲೆಕ್ಕ ಹಾಕಿ.

1975ರಲ್ಲಿ ನ್ಯಾಷನಲ್ ಪರ್ಮಿಟ್ ಬಂದ ಮೇಲೆ ನಮ್ಮ ಹುಡುಗರಿಗೆ ಮುಂಬೈ, ದಿಲ್ಲಿ ದಾರಿ ತೆರೀತು. ಬಾಟಾ ಜಾಸ್ತಿ. ಆದರೆ ಖಾಲಿ ಗಾಡಿ ತಂದ್ರೆ ಓನರಿಗೆ ನಷ್ಟ, ರಿಟರ್ನ್ ಲೋಡ್ ಸಿಗೋವರೆಗೂ ಅಲ್ಲೇ ಬಿದ್ದಿರಬೇಕು. ನಾನೂ ಆರು ವರ್ಷ ಆ ಲೈನಲ್ಲಿದ್ದೆ. ಒಂದು ಸಲ ಉತ್ತರದ ಕಡೆ ಹನ್ನೊಂದು ದಿನ ಲಾರಿ ಕೆಳಗೇ ಅಡುಗೆ, ಅಲ್ಲೇ ಮಲಗೋದು. ಓನರಿಗೆ ಫೋನ್ ಮಾಡಿದ್ರೆ "ಲೋಡ್ ಸಿಕ್ಕ ಮೇಲೆ ಬಾ" ಅಂದ. ಆ ವರ್ಷ ಮಾಟ್ಟು ಪೊಂಗಲಿಗೆ ಕಂಬಂ ನಂದಗೋಪಾಲನ್ ತಂಬಿರಾನ್ ತೊಳುವಕ್ಕೆ ನನ್ನ ಮನೆಯವಳು ಒಬ್ಬಳೇ ಕರು ಹಿಡ್ಕೊಂಡು ಹೋದಳು. ನಮ್ಮವರಲ್ಲಿ ಇದು ಸಣ್ಣ ಮಾತಲ್ಲ.

ಆಮೇಲೆ ದ್ರಾಕ್ಷಿಗೆ ಬಂದೆ. ದ್ರಾಕ್ಷಿ ಕಾಯೋ ಹಣ್ಣಲ್ಲ. ನಮ್ಮ ಓಡೈಪಟ್ಟಿಯ ಬೀಜವಿಲ್ಲದ್ದಾಗಲಿ, 2023ರಲ್ಲಿ ಜಿಐ ಗುರುತು ಪಡೆದ ಕಂಬಂ ಪನ್ನೀರ್ ದ್ರಾಕ್ಷಿಯಾಗಲಿ, ಕೊಯ್ದ ರಾತ್ರಿಯೇ ಕುಮುಳಿ ದಾಟಬೇಕು, ಬೆಳಗ್ಗೆ ಕೋಟ್ಟಯಂ, ಎರ್ನಾಕುಳಂ ಮಾರ್ಕೆಟ್ಟಿನಲ್ಲಿರಬೇಕು. ಬರುವಾಗ ಲೋಡಿಗೆ ಕಾಯೋಕಾಗಲ್ಲ, ಯಾಕಂದ್ರೆ ನಾಳೆಯ ಕೊಯ್ಲಿಗೆ ತೋಟದವರಿಗೆ ಖಾಲಿ ಕ್ರೇಟು ಬೇಕು. ಕಾಯ್ದೆ ಕೊಡದ ರಜೆಯನ್ನ ಆ ಖಾಲಿ ಕ್ರೇಟು ಕೊಟ್ಟಿತು! ಸಂಜೆ ಮನೇಲಿ ಕನ್ನಡ, ಲಾರಿ ಷೆಡ್ಡಲ್ಲಿ ತಮಿಳು, ಮಲೆ ಇಳಿದ ಮೇಲೆ ಮಲಯಾಳ, ಮಾರನೇ ಸಂಜೆಗೆ ಮತ್ತೆ ಮನೆ.

ಮೊದಲೆಲ್ಲ ಕುಮುಳಿಯ ಸೇಲ್ಸ್ ಟ್ಯಾಕ್ಸ್ ಚೆಕ್‌ಪೋಸ್ಟಲ್ಲಿ ಸಾಲು ನಿಂತು ಹೊತ್ತು ಹೋಗೋದು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಆ ಕಾಟ ತಪ್ಪಿ ನಿದ್ದೆಗೆ ಇನ್ನೂ ಸ್ವಲ್ಪ ಹೊತ್ತು ಉಳೀತು. ಬಾಟಾ ಮಾತ್ರ ದಿಲ್ಲಿ ಲೈನಿನಷ್ಟು ಇಲ್ಲ. ಮಕ್ಕಳ ಕಾಲೇಜು ಫೀಸಿಗೆ ಅಂತ ಮತ್ತೆ ದೂರದ ಲೈನಿಗೆ ಹೋದವರೂ ಇದ್ದಾರೆ, ಅವರನ್ನ ತಪ್ಪು ಅನ್ನೋಕಾಗಲ್ಲ.

ಈಗ ಹೆಣ್ಣು ಕೊಡೋರು ಹುಡುಗ ಡ್ರೈವರು ಅಂದ ಕೂಡಲೇ ಸಂಬಳ ಕೇಳೋದಿಲ್ಲ. "ಯಾವ ಲೈನಪ್ಪ?" ಅಂತಾರೆ. ಕೇರಳ ಲೈನು ಅಂದ್ರೆ, ಒಳಗಿಂದ ಕಾಫಿ ಬರುತ್ತೆ.