ಗಿರಣಿಯಲ್ಲಿ ಕಲಿತ ಗಣಿತ

1833ರ ಅಕ್ಟೋಬರ್‌ನಲ್ಲಿ ಕೇಂಬ್ರಿಜ್‌ನ ಕೀಸ್ ಕಾಲೇಜಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳಲ್ಲಿ ಒಬ್ಬನಿಗೆ ಆಗಲೇ ನಲವತ್ತು ವರ್ಷ. ಜೊತೆಯಲ್ಲಿ ಕುಳಿತವರೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗರು. ಆತ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿಗೆ ಅಂಟಿಕೊಂಡಿದ್ದ ಸ್ನೆಂಟನ್ ಹಳ್ಳಿಯ ಹಿಟ್ಟಿನ ಗಿರಣಿಯವನು. ಹೆಸರು ಜಾರ್ಜ್ ಗ್ರೀನ್.

1793ರಲ್ಲಿ ಹುಟ್ಟಿದ ಗ್ರೀನ್ ಬಾಲ್ಯದಲ್ಲಿ ಶಾಲೆಗೆ ಹೋದದ್ದು ಒಂದೂವರೆ ವರ್ಷದಷ್ಟು ಮಾತ್ರ. ಒಂಬತ್ತು ತುಂಬುವಷ್ಟರಲ್ಲಿ ಬೇಕರಿ ನಡೆಸುತ್ತಿದ್ದ ತಂದೆಯ ಕೆಲಸಕ್ಕೆ ಕೈಹಚ್ಚಬೇಕಾಯಿತು. 1807ರಲ್ಲಿ ತಂದೆ ಗಾಳಿಯಿಂದ ನಡೆಯುವ ಗಿರಣಿಯೊಂದನ್ನು ಕಟ್ಟಿಸಿದ. ಗಾಳಿ ಬೀಸಿದಾಗ ಹೊತ್ತುಗೊತ್ತಿಲ್ಲದ ದುಡಿಮೆ. ಬಿಡುವಾದಾಗ ಆತ ಗಿರಣಿಯ ಮೇಲಂತಸ್ತಿನಲ್ಲಿ ಕುಳಿತು ಓದುತ್ತಿದ್ದನೆಂಬ ಮಾತಿದೆ.

1823ರಲ್ಲಿ ಗ್ರೀನ್ ನಾಟಿಂಗ್‌ಹ್ಯಾಮ್‌ನ ಚಂದಾ ಗ್ರಂಥಾಲಯಕ್ಕೆ ಸದಸ್ಯನಾದ. ಆಗ ಗಣಿತದ ಹೊಸ ಬೆಳೆ ಬರುತ್ತಿದ್ದುದು ಫ್ರಾನ್ಸಿನಲ್ಲಿ. ಲಾಪ್ಲಾಸ್, ಪಾಯ್ಸನ್ ಮೊದಲಾದವರ ಕೆಲಸವನ್ನು ಗುರುವಿಲ್ಲದೆ, ಪರೀಕ್ಷೆಯ ಅವಸರವಿಲ್ಲದೆ ಆತ ಅರಗಿಸಿಕೊಂಡ. ಐದು ವರ್ಷದ ನಂತರ, 1828ರಲ್ಲಿ, ವಿದ್ಯುತ್ ಮತ್ತು ಕಾಂತತ್ವಕ್ಕೆ ಗಣಿತವನ್ನು ಅನ್ವಯಿಸುವ ಪ್ರಬಂಧವೊಂದನ್ನು ಸ್ವಂತವಾಗಿ ಅಚ್ಚು ಹಾಕಿಸಿದ. ಬೆಲೆ ಏಳೂವರೆ ಷಿಲ್ಲಿಂಗ್. ಕೊಂಡ ಚಂದಾದಾರರು 51 ಮಂದಿ. ಹೆಚ್ಚಿನವರು ಊರಿನ ಪರಿಚಯಸ್ಥರು. ಓದಿ ಅರ್ಥ ಮಾಡಿಕೊಂಡವರು ವಿರಳ.

ಅದರಲ್ಲಿ ಏನಿತ್ತು? ಕೆರೆಗೆ ಒಂದು ಹರಳು ಎಸೆದರೆ ಅಲೆ ಹೇಗೆ ಹಬ್ಬುತ್ತದೆಂದು ಗೊತ್ತಿದ್ದರೆ, ಬೊಗಸೆ ಹರಳು ಎಸೆದಾಗ ಏನಾಗುವುದೆಂದು ಕೂಡಿ ಹೇಳಬಹುದು. ಗ್ರೀನ್ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಒಂದೇ ಬಿಂದುವಿನಲ್ಲಿರುವ ವಿದ್ಯುದಂಶದ ಪ್ರಭಾವವನ್ನು ಮೊದಲು ಲೆಕ್ಕ ಹಾಕಿ, ಅಂಥ ಅನೇಕ ಬಿಂದುಗಳ ಪ್ರಭಾವವನ್ನು ಕೂಡಿಸುವುದು. ಈ ಉಪಾಯಕ್ಕೆ ಇಂದು ‘ಗ್ರೀನ್ ಫಂಕ್ಷನ್’ ಎಂದು ಹೆಸರು.

ಆ ಪ್ರಬಂಧದ ಬೆಲೆ ತಿಳಿದ ಚಂದಾದಾರನೆಂದರೆ ಗಣಿತ ಬಲ್ಲ ಜಮೀನುದಾರ ಸರ್ ಎಡ್ವರ್ಡ್ ಬ್ರಾಮ್‌ಹೆಡ್. ಮುಂದಿನ ಲೇಖನಗಳನ್ನು ವಿದ್ವತ್ಸಭೆಗಳಿಗೆ ತಲುಪಿಸುವುದಾಗಿ ಆತ ಕಾಗದ ಬರೆದ. ದೊಡ್ಡವರ ಮಾತು, ಬರಿಯ ಉಪಚಾರ ಎಂದು ಯಾರೋ ಹೇಳಿದ್ದನ್ನು ನಂಬಿದ ಗ್ರೀನ್ ಸುಮಾರು ಎರಡು ವರ್ಷ ಉತ್ತರವನ್ನೇ ಬರೆಯಲಿಲ್ಲ! 1830ರಲ್ಲಿ ಸಂಕೋಚ ಬಿಟ್ಟು ಬರೆದ ಮೇಲೆಯೇ ಬಾಗಿಲು ತೆರೆಯಿತು. ಬ್ರಾಮ್‌ಹೆಡ್‌ನ ನೆರವಿನಿಂದ ಲೇಖನಗಳು ಪ್ರಕಟವಾದವು. ಗಿರಣಿಯನ್ನು ಗುತ್ತಿಗೆಗೆ ಕೊಟ್ಟು ಗ್ರೀನ್ ಕೇಂಬ್ರಿಜ್‌ಗೆ ಹೊರಟ. 1837ರ ಗಣಿತ ಪರೀಕ್ಷೆಯಲ್ಲಿ ನಾಲ್ಕನೆಯವನಾಗಿ ತೇರ್ಗಡೆಯಾಗಿ, 1839ರಲ್ಲಿ ಕಾಲೇಜಿನ ಫೆಲೋ ಆದ. ಆದರೆ ಆರೋಗ್ಯ ಕೆಟ್ಟು ಊರಿಗೆ ಮರಳಿ, 1841ರ ಮೇ 31ರಂದು 47ನೆಯ ವಯಸ್ಸಿಗೇ ತೀರಿಕೊಂಡ.

ಆ ಹೊತ್ತಿಗೆ ಮೊದಲ ಪ್ರಬಂಧ ಮರೆತೇಹೋಗಿತ್ತು. 1845ರಲ್ಲಿ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ತರುಣ ವಿಲಿಯಂ ಥಾಮ್ಸನ್ ಕೈಗೆ ಅದರ ಪ್ರತಿ ಸಿಕ್ಕಿತು. ಆತ ಅದನ್ನು ಪ್ಯಾರಿಸ್‌ಗೆ ಒಯ್ದು ಅಲ್ಲಿನ ಗಣಿತಜ್ಞರಿಗೆ ತೋರಿಸಿದ. 1850ರಿಂದ 1854ರೊಳಗೆ ಜರ್ಮನಿಯ ಗಣಿತ ಪತ್ರಿಕೆಯೊಂದರಲ್ಲಿ ಮೂರು ಕಂತುಗಳಲ್ಲಿ ಅದು ಮರುಮುದ್ರಣ ಕಂಡಿತು. ಇಪ್ಪತ್ತನೆಯ ಶತಮಾನದಲ್ಲಿ ಕ್ವಾಂಟಂ ಭೌತವಿಜ್ಞಾನಿಗಳಿಗೂ ಅದೇ ಉಪಾಯ ಕೈಹಿಡಿಯಿತು. 1993ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನ್ಯೂಟನ್ ಸಮಾಧಿಯ ಬಳಿ ಗ್ರೀನ್ ಹೆಸರಿನ ಸ್ಮಾರಕ ಫಲಕವಿಟ್ಟರು.

ತನ್ನ ನಡಿಗೆಯಲ್ಲೇ ಕಲಿತವನ ಕತೆಯಿದು. ಆದರೆ ಬರಿಯ ಒಂಟಿತನದ ಗೆಲುವೆಂದು ಇದನ್ನು ಹೊಗಳಿದರೆ ಅರ್ಧ ಸತ್ಯವಷ್ಟೆ. ನಿಧಾನವಾಗಿ ಕಲಿಯುವವನಿಗೂ ಊರಲ್ಲೊಂದು ಗ್ರಂಥಾಲಯ ಬೇಕು, ಬರೆದದ್ದನ್ನು ಓದಿ ‘ಮುಂದುವರಿಸು’ ಎನ್ನುವ ಒಬ್ಬ ಬಲ್ಲವನು ಬೇಕು. ಆ ಕಾಗದಕ್ಕೆ ಗ್ರೀನ್ ಕೊನೆಗೂ ಉತ್ತರಿಸದೇ ಇದ್ದಿದ್ದರೆ ಆತ ಗಿರಣಿಯಲ್ಲೇ ಉಳಿದುಬಿಡುತ್ತಿದ್ದನೇನೋ.