ಸೆಲ್ಫ್ ರಿಲೇ: ಹಳೆಯ ಬೈಕಿನಲ್ಲಿ ಪರೀಕ್ಷೆ, ಬದಲಾವಣೆ, ವೈರಿಂಗ್

ಹಳೆಯ ಬೈಕು ಸೆಲ್ಫ್ ತೆಗೆದುಕೊಳ್ಳದಿದ್ದರೆ ಮೊದಲು ಗುಮಾನಿ ಬೀಳುವುದು ಬ್ಯಾಟರಿಯ ಮೇಲೆ. ಬ್ಯಾಟರಿ ಹೊಸದಾದ ಮೇಲೂ ಗೋಳು ತಪ್ಪದಿದ್ದರೆ ಸೆಲ್ಫ್ ಮೋಟಾರಿನ ಮೇಲೆ. ಇವೆರಡರ ನಡುವೆ, ಸೈಡ್ ಪ್ಯಾನೆಲ್‌ನ ಒಳಗೆ ರಬ್ಬರ್ ಹೊದಿಕೆಯಲ್ಲಿ ಕುಳಿತಿರುವ ರಿಲೇ ಕೊನೆಗೆ ನೆನಪಾಗುತ್ತದೆ. ನೆನಪಾದಾಗಲೂ ಪರೀಕ್ಷೆಯಿಲ್ಲದೆ ನೇರವಾಗಿ ಹೊಸದು ಹಾಕುವುದೇ ರೂಢಿ. ಎಷ್ಟೋ ಸಲ ಕೆಟ್ಟಿರುವುದು ರಿಲೇ ಅಲ್ಲ, ಅದಕ್ಕೆ ಬಂದು ಸೇರುವ ವೈರು.

ರಿಲೇ ಮಾಡುವ ಕೆಲಸ

ಹ್ಯಾಂಡಲಿನ ಗುಂಡಿಯಲ್ಲಿ ಹರಿಯುವುದು ಮೂರು ನಾಲ್ಕು ಆಂಪಿಯರ್ ಮಾತ್ರ. ಸೆಲ್ಫ್ ಮೋಟಾರು ಎಂಜಿನ್ನನ್ನು ತಿರುಗಿಸುವಾಗ ಎಳೆಯುವುದು ಹತ್ತಾರು ಆಂಪಿಯರ್. ಅಷ್ಟು ಕರೆಂಟನ್ನು ಗುಂಡಿಯ ಮೂಲಕ ಹಾಯಿಸಿದರೆ ಸ್ವಿಚ್ಚು ಕರಗಿಹೋಗುತ್ತದೆ. ಆದ್ದರಿಂದ ಗುಂಡಿ ರಿಲೇಯ ಒಳಗಿನ ಕಾಯಿಲ್‌ಗೆ ಮಾತ್ರ ಕರೆಂಟು ಕೊಡುತ್ತದೆ. ಕಾಯಿಲ್ ಅಯಸ್ಕಾಂತವಾಗಿ ಒಂದು ಕಬ್ಬಿಣದ ದಿಂಡನ್ನು ಎಳೆಯುತ್ತದೆ, ದಿಂಡಿನ ಜೊತೆ ಬರುವ ತಾಮ್ರದ ಬಿಲ್ಲೆ ಎರಡು ದಪ್ಪ ಬೋಲ್ಟುಗಳ ನಡುವೆ ಸೇತುವೆಯಾಗುತ್ತದೆ. ಒಂದು ಬೋಲ್ಟಿಗೆ ಬ್ಯಾಟರಿಯ ಪಾಸಿಟಿವ್, ಇನ್ನೊಂದಕ್ಕೆ ಮೋಟಾರಿನ ಕೇಬಲ್.

ಪ್ರತಿ ಸಲ ಬಿಲ್ಲೆ ಕೂತಾಗ, ಎದ್ದಾಗ ಸಣ್ಣ ಕಿಡಿ ಏಳುತ್ತದೆ. ವರ್ಷಗಳು ಕಳೆದಂತೆ ತಾಮ್ರದ ಮೇಲೆ ಸುಟ್ಟ ಕಪ್ಪು ಪದರ ಕಟ್ಟಿ, ಆಮೇಲೆ ಗುಳಿ ಬೀಳುತ್ತದೆ. ರಿಲೇ ಸಾಯುವ ಸಾಮಾನ್ಯ ರೀತಿ ಇದು.

ಸದ್ದು ಕೇಳಿ

ಗುಂಡಿ ಒತ್ತಿದಾಗ ಒಂದೇ ಒಂದು ಗಟ್ಟಿ ‘ಟಕ್’ ಬಂದು ಮೋಟಾರು ತಿರುಗದಿದ್ದರೆ ಕಾಯಿಲ್ ಸರಿಯಿದೆ. ತೊಂದರೆ ಬಿಲ್ಲೆಯಲ್ಲಿ, ದಪ್ಪ ಕೇಬಲಿನಲ್ಲಿ ಅಥವಾ ಮೋಟಾರಿನ ಕಾರ್ಬನ್ ಬ್ರಷ್‌ನಲ್ಲಿದೆ. ‘ಟಕಟಕಟಕ’ ಎಂದು ಹೊಡೆದುಕೊಂಡರೆ ಬ್ಯಾಟರಿ ಸೋತಿರಬೇಕು, ಇಲ್ಲವೇ ಅದರ ಟರ್ಮಿನಲ್ ಸಡಿಲವಾಗಿರಬೇಕು: ಮೋಟಾರು ಎಳೆದ ಕ್ಷಣ ವೋಲ್ಟೇಜು ಕುಸಿದು ಕಾಯಿಲ್ ಕೈಬಿಡುತ್ತದೆ, ಬಿಟ್ಟೊಡನೆ ವೋಲ್ಟೇಜು ಏರಿ ಮತ್ತೆ ಹಿಡಿಯುತ್ತದೆ. ಸದ್ದೇ ಇಲ್ಲದಿದ್ದರೆ ಫ್ಯೂಸು, ಗುಂಡಿ, ಕ್ಲಚ್ ಸ್ವಿಚ್ಚು, ನ್ಯೂಟ್ರಲ್ ಸ್ವಿಚ್ಚು ಇವೆಲ್ಲ ನೋಡಿದ ಮೇಲೆ ಕಾಯಿಲ್‌ನ ಸರದಿ. ಹಲವು ಮಾದರಿಗಳಲ್ಲಿ ಮೇನ್ ಫ್ಯೂಸು ರಿಲೇಯ ಪ್ಲಗ್ಗಿನಲ್ಲೇ ಇರುತ್ತದೆ.

ಮೀಟರು ಹಿಡಿದು ನೋಡುವುದು

ಮೊದಲು ಬ್ಯಾಟರಿ. ಪೂರ್ತಿ ಚಾರ್ಜಾದ ಲೆಡ್ ಆಸಿಡ್ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.5ಕ್ಕಿಂತ ಕೆಳಗಿಳಿದರೆ ರಿಲೇಯ ಮಾತು ಬಿಟ್ಟು ಬ್ಯಾಟರಿಯನ್ನೇ ವಿಚಾರಿಸಿಕೊಳ್ಳಬೇಕು.

ಬ್ಯಾಟರಿ ಗಟ್ಟಿಯಿದ್ದರೆ ಮೀಟರಿನ ಎರಡು ಮುಳ್ಳುಗಳನ್ನು ರಿಲೇಯ ಎರಡು ದಪ್ಪ ಬೋಲ್ಟುಗಳ ಮೇಲಿಟ್ಟು ಗುಂಡಿ ಒತ್ತಿ. ಒತ್ತುವ ಮೊದಲು 12 ವೋಲ್ಟ್ ಇರುತ್ತದೆ. ಮೋಟಾರು ತಿರುಗುವಾಗ ಅದು ಸೊನ್ನೆಯ ಹತ್ತಿರಕ್ಕೆ ಬರಬೇಕು, ಅರ್ಧ ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ‘ಟಕ್’ ಎಂದ ಮೇಲೂ 12 ಹಾಗೇ ಉಳಿದರೆ ಬಿಲ್ಲೆ ಕೂರುತ್ತಿಲ್ಲ, ರಿಲೇ ಹೋಗಿದೆ. ಸೊನ್ನೆಗಿಳಿದೂ ಮೋಟಾರು ಅಲುಗದಿದ್ದರೆ ರಿಲೇ ನಿರಪರಾಧಿ.

ಸದ್ದೇ ಬಾರದ ಬೈಕಿನಲ್ಲಿ ಸಣ್ಣ ವೈರುಗಳ ಪ್ಲಗ್ಗನ್ನು ನೋಡಬೇಕು. ಹೋಂಡಾ ಪದ್ಧತಿಯಲ್ಲಿ ಕೆಂಪು ಗೆರೆಯ ಹಳದಿ ವೈರು ಗುಂಡಿಯಿಂದ ಬರುತ್ತದೆ. ಕೆಂಪು ಗೆರೆಯ ಹಸಿರು ವೈರು ಕ್ಲಚ್ ಅಥವಾ ನ್ಯೂಟ್ರಲ್ ಸ್ವಿಚ್ಚಿನ ಮೂಲಕ ಅರ್ಥ್ ಸೇರುತ್ತದೆ. ಗುಂಡಿ ಒತ್ತಿದಾಗ ಇವೆರಡರ ನಡುವೆ 12 ವೋಲ್ಟ್ ಇದ್ದೂ ‘ಟಕ್’ ಇಲ್ಲವೆಂದರೆ ಕಾಯಿಲ್ ಕಡಿದಿದೆ. ವೋಲ್ಟೇಜೇ ಬಾರದಿದ್ದರೆ ಹೊಸ ರಿಲೇ ತಂದು ಪ್ರಯೋಜನವಿಲ್ಲ.

ಸ್ಕ್ರೂಡ್ರೈವರ್ ಅಡ್ಡ ಇಟ್ಟು ಎರಡು ಬೋಲ್ಟು ಕೂಡಿಸುವ ಪದ್ಧತಿ ಎಲ್ಲ ಗ್ಯಾರೇಜುಗಳಿಗೂ ಗೊತ್ತು. ಅದರಲ್ಲಿ ಹಾರುವ ಕಿಡಿ ದೊಡ್ಡದು, ಪೆಟ್ರೋಲ್ ಟ್ಯಾಂಕು ಪಕ್ಕದಲ್ಲೇ ಇದೆ. ಗೇರಿನಲ್ಲಿದ್ದರೆ ಬೈಕು ಮುಂದಕ್ಕೆ ಹಾರುತ್ತದೆ. ಮೀಟರಿರುವಾಗ ಅದರ ಅಗತ್ಯವಿಲ್ಲ.

ಅಂಟಿಕೊಂಡ ರಿಲೇ

ಕಿಡಿಯ ಬಿಸಿಗೆ ಬಿಲ್ಲೆ ಬೋಲ್ಟಿಗೆ ಬೆಸೆದುಕೊಳ್ಳುವುದುಂಟು. ಆಗ ಗುಂಡಿ ಬಿಟ್ಟರೂ, ಕೀಲಿ ತೆಗೆದರೂ ಮೋಟಾರು ತಿರುಗುತ್ತಲೇ ಇರುತ್ತದೆ. ಕೆಲವೇ ಕ್ಷಣಗಳಲ್ಲಿ ಕೇಬಲ್ ಕಾದು ಹೊದಿಕೆ ಕರಗತೊಡಗುತ್ತದೆ. ತಡಮಾಡದೆ ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಒಮ್ಮೆ ಅಂಟಿದ ರಿಲೇಯನ್ನು ತಟ್ಟಿ ಬಿಡಿಸಿ ಮತ್ತೆ ಬಳಸುವುದು ಬೈಕಿಗೆ ಬೆಂಕಿ ಹಚ್ಚುವ ದಾರಿ.

ಹೊಸದು ಹಾಕುವಾಗ

ಹಾರ್ನು, ಹೆಡ್‌ಲೈಟುಗಳಿಗೆ ಬಳಸುವ 30 ಆಂಪಿಯರಿನ ಚೌಕ ರಿಲೇ ಇಲ್ಲಿ ನಡೆಯದು. ಹಳೆಯದನ್ನೇ ಅಂಗಡಿಗೆ ಒಯ್ದು ಬೋಲ್ಟಿನ ಗಾತ್ರ, ಪ್ಲಗ್ಗಿನ ಪಿನ್ನು ಹೋಲಿಸಿ ತರಬೇಕು.

ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ನೆಗೆಟಿವ್ ಕೊನೆಗೆ. ಈ ಕ್ರಮ ತಪ್ಪಿದರೆ ಪಾಸಿಟಿವ್ ಬಿಚ್ಚುತ್ತಿರುವ ಸ್ಪ್ಯಾನರು ಚಾಸಿಗೆ ತಾಗಿ ಶಾರ್ಟ್ ಆಗುತ್ತದೆ. ಬೋಲ್ಟಿನ ಬುಡ ತಾಮ್ರದ್ದು, ಅದನ್ನು ಹಿಡಿದಿರುವುದು ಪ್ಲಾಸ್ಟಿಕ್. ನಟ್ಟನ್ನು ಜೋರಾಗಿ ಬಿಗಿದರೆ ಬೋಲ್ಟು ಒಳಗೇ ತಿರುಗಿ ಹೊಸ ರಿಲೇ ಅಲ್ಲೇ ಹಾಳಾಗುತ್ತದೆ.

ವೈರಿಂಗ್

ಹೆಚ್ಚು ಸಮಯ ಇಲ್ಲಿ ಕೊಡಬೇಕು. ನಮ್ಮ ಮಲೆನಾಡಿನ ಮಳೆಗೂ ಕರಾವಳಿಯ ಉಪ್ಪುಗಾಳಿಗೂ ಮೈಯೊಡ್ಡಿದ ಬೈಕುಗಳಲ್ಲಿ ಕೇಬಲಿನ ತುದಿಗೆ ಒತ್ತಿದ ಲಗ್ಗಿನ ಬುಡದಿಂದ ಹಸಿರು ಕಿಲುಬು ಹೊದಿಕೆಯೊಳಗೇ ಏರಿರುತ್ತದೆ. ಹೊರಗಿನಿಂದ ಕೇಬಲ್ ಚೆನ್ನಾಗಿಯೇ ಕಾಣುತ್ತದೆ. ಅಲ್ಲಿ ಓಮಿನ ನೂರನೇ ಎರಡು ಭಾಗದಷ್ಟು, ಅಂದರೆ 0.02 ಓಮ್ ತಡೆ ಸೇರಿದರೂ ಸಾಕು: 60 ಆಂಪಿಯರ್ ಹರಿದಾಗ 1.2 ವೋಲ್ಟ್ ನಷ್ಟವಾಗಿ, 72 ವ್ಯಾಟ್ ಶಾಖ ಆ ಲಗ್ಗಿನಲ್ಲೇ ಹುಟ್ಟುತ್ತದೆ. ಇಷ್ಟು ಸಣ್ಣ ತಡೆಯನ್ನು ಸಾಧಾರಣ ಮೀಟರಿನ ಓಮ್ ಅಳತೆ ಹಿಡಿಯಲಾರದು. ಸೆಲ್ಫ್ ಹೊಡೆಯುವಾಗ ಕೇಬಲಿನ ಎರಡು ತುದಿಗಳ ನಡುವಿನ ವೋಲ್ಟೇಜು ನೋಡಿದರೆ ಮಾತ್ರ ಅದು ಸಿಕ್ಕಿಬೀಳುತ್ತದೆ.

ಕಿಲುಬೇರಿದ ಭಾಗವನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಬೇಕು. ಉದ್ದ ಸಾಲದಿದ್ದರೆ ಇಡೀ ಕೇಬಲನ್ನೇ ಬದಲಿಸುವುದು ಲೇಸು, ನಡುವೆ ಜೋಡಿಸಿ ಟೇಪು ಸುತ್ತಬಾರದು. ಹೊಸ ಕೇಬಲ್ ಹಳೆಯದಕ್ಕಿಂತ ತೆಳುವಾಗಿರಕೂಡದು, ಬಹು ಎಳೆಯ ವಾಹನದ ಕೇಬಲೇ ಆಗಬೇಕು. ಮನೆಯ ವೈರಿಂಗಿಗೆ ಬಳಸುವ ದಪ್ಪ ಎಳೆಯ ವೈರು ಎಂಜಿನ್ನಿನ ನಡುಕಕ್ಕೆ ತುಂಡಾಗುತ್ತದೆ. ಲಗ್ಗನ್ನು ಸರಿಯಾದ ಕ್ರಿಂಪಿಂಗ್ ಉಪಕರಣದಿಂದ ಒತ್ತಿ, ಮೇಲೆ ಹೀಟ್ ಶ್ರಿಂಕ್ ತೋಳು ಹಾಕಬೇಕು. ಬರೀ ಬೆಸುಗೆಯನ್ನು ನಂಬಿದರೆ ಸೀಸ ಎಳೆಗಳೊಳಗೆ ಹರಿದು ಕೇಬಲ್ ಸೆಟೆದು, ಬೆಸುಗೆ ಮುಗಿಯುವ ಜಾಗದಲ್ಲಿ ಕಡಿಯುತ್ತದೆ. ಬ್ಯಾಟರಿಯಿಂದ ಎಂಜಿನ್ನಿಗೆ ಹೋಗುವ ಅರ್ಥ್ ಕೇಬಲಿಗೂ ಇದೇ ಉಪಚಾರ ಆಗಬೇಕು, ಅಲ್ಲಿ ಬಣ್ಣ, ತುಕ್ಕು ಕೆರೆದು ಬೋಲ್ಟು ಬಿಗಿಯಬೇಕು. ಪಾಸಿಟಿವ್ ಕಡೆಯನ್ನೆಲ್ಲ ಹೊಸದು ಮಾಡಿ ಅರ್ಥನ್ನು ಮರೆತ ಬೈಕು ಮೊದಲಿನಂತೆಯೇ ನರಳುತ್ತದೆ.

ಕೊನೆಯಲ್ಲಿ ರಬ್ಬರ್ ಟೋಪಿಗಳನ್ನು ಬೋಲ್ಟುಗಳ ಮೇಲೆ ಕೂರಿಸಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಯಾವ ವೈರೂ ಎಳೆಯುತ್ತಿಲ್ಲ, ಸೈಲೆನ್ಸರಿನ ಕೊಳವೆಗೆ ತಾಗುತ್ತಿಲ್ಲವೆಂದು ನೋಡಬೇಕು. ಸೆಲ್ಫ್ ಒಮ್ಮೆಗೆ ಐದು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಿಲ್ಲಿಸಿ ಲಗ್ಗುಗಳನ್ನು ಮುಟ್ಟಿ ನೋಡಿ. ಯಾವುದಾದರೂ ಬಿಸಿಯಾಗಿದ್ದರೆ ಆ ಕ್ರಿಂಪನ್ನು ಕತ್ತರಿಸಿ ಮತ್ತೆ ಹಾಕಬೇಕು.